ಮಂಗಳಾರತಿಗೆ ಕೈ ಚಾಚದವರು

ಶುಕ್ರವಾರ ಸಂಜೆ. ಯಲಹಂಕ ಉಪನಗರದ ಒಂದು ಮನೆ ಎಂದುಕೊಳ್ಳಿ. ಹೆಬ್ಬಾಳವಾದರೂ ಆದೀತು, ಯಶವಂತಪುರವಾದರೂ ಆದೀತು. ದೀಪ ಹಚ್ಚಿ, ಗಂಟೆ ಬಾರಿಸಿ, ಮಂಗಳಾರತಿ ತಟ್ಟೆ ದೇವರ ಕೋಣೆಯಿಂದ ನಡುಮನೆಗೆ ಬರುತ್ತದೆ. ತಾತ ಎರಡೂ ಕೈ ಚಾಚಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಮಗಳು ಮೊಬೈಲಿನಿಂದ ಕಣ್ಣು ಕೀಳದೆಯೇ ಬಲಗೈ ಚಾಚಿ ಕೆನ್ನೆಗೆ ಸವರಿಕೊಳ್ಳುತ್ತಾಳೆ. ಮಗ ಸುಮ್ಮನೆ ಕೂತಿರುತ್ತಾನೆ. "ತಗೊಳ್ಳೋ" ಎಂದರೆ "ಬೇಡಮ್ಮ, ನನಗೆ ನಂಬಿಕೆ ಇಲ್ಲ" ಅನ್ನುತ್ತಾನೆ. ಮೊಬೈಲು ನೋಡುತ್ತ ಆರತಿ ತೆಗೆದುಕೊಂಡವಳ ಭಕ್ತಿಯನ್ನು ಆ ಮನೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಯೋಚಿಸಿ ಬೇಡವೆಂದವನ ಮೇಲೆ ಮಾತ್ರ ಆ ರಾತ್ರಿಯಿಂದಲೇ ವಿಚಾರಣೆ ಶುರು. ಸೋದರಮಾವನಿಗೆ ಫೋನು ಹೋಗುತ್ತದೆ. ವಿಜ್ಞಾನಿಗಳೂ ದೇವರನ್ನು ಒಪ್ಪಿದ್ದಾರೆ ಎನ್ನುವ ವಿಡಿಯೊಗಳು ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದು ಬೀಳತೊಡಗುತ್ತವೆ. ಜಾತಕ ಹೊರಗೆ ಬರುತ್ತದೆ. ಯಾವುದೋ ದಶೆ ನಡೆಯುತ್ತಿದೆ, ಕಳೆಯುತ್ತದೆ ಎಂದು ಗೊತ್ತಾಗಿ ಅರ್ಧ ಸಮಾಧಾನವೂ ಆಗುತ್ತದೆ.

ಇಷ್ಟೆಲ್ಲ ನಡೆಯುವುದು ಇದು ದೇವರು ಇದ್ದಾನೋ ಇಲ್ಲವೋ ಎಂಬ ಜಗಳ ಎಂದುಕೊಂಡು. ನನ್ನ ಪ್ರಕಾರ ಎಡವಟ್ಟಾಗುವುದು ಇಲ್ಲೇ. ನಮ್ಮ ಮನೆಗಳಲ್ಲಿ ಒಬ್ಬರಿಗೆ ನಂಬಿಕೆ ಹೋದಾಗ ಏಳುವ ಗಲಾಟೆಯಲ್ಲಿ ದೇವರ ಪಾಲು ಬಹಳ ಕಡಿಮೆ. ಹೆಚ್ಚಿನ ಪಾಲು ಕೆಲಸದ್ದು, ಸಂಬಂಧದ್ದು, ನಾಲ್ಕು ಜನರ ಮಾತಿನದ್ದು: ನಾಳೆ ತಿಥಿ ಮಾಡುವವರು ಯಾರು, ಮನೆದೇವರಿಗೆ ಯಾರು ಹೋಗಬೇಕು, ಹೆಣ್ಣು ಕೊಡುವವರಿಗೆ ಏನು ಹೇಳುವುದು, ತಾನು ಸತ್ತರೆ ಕೊಳ್ಳಿ ಇಡುವವರಾರು. ದೇವರ ಅಸ್ತಿತ್ವದ ಪ್ರಶ್ನೆಯನ್ನು ಊಟದ ಮೇಜಿನ ಮೇಲೆ ಯಾರೂ ಇವತ್ತಿನವರೆಗೆ ಬಗೆಹರಿಸಿಲ್ಲ. ತಿಥಿಯ ಪ್ರಶ್ನೆಯನ್ನು ಬಗೆಹರಿಸಬಹುದು. ಬಗೆಹರಿಯದ್ದನ್ನು ಹಿಡಿದು ಗುದ್ದಾಡಿ, ಬಗೆಹರಿಯುವುದನ್ನು ಮಾತೇ ಆಡದೆ ಬಿಡುವುದರಿಂದ ಮನೆ ಒಡೆಯುತ್ತದೆ.

ಇದಕ್ಕೆ ಆಧಾರವಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆಯಿಂದ 2020ರ ಆರಂಭದವರೆಗೆ ಭಾರತದಲ್ಲಿ ಸುಮಾರು 30 ಸಾವಿರ ಜನರನ್ನು ಮಾತಾಡಿಸಿ, 2021ರಲ್ಲಿ ವರದಿ ಹೊರತಂದಿತು. ದೇವರನ್ನು ನಂಬುತ್ತೇವೆ ಎಂದವರು ಶೇ. 97. ಹಾಗಾಗಿ ನಂಬದವರು ಯಾವ ಬೀದಿಯಲ್ಲೂ ಒಬ್ಬಂಟಿಗಳೇ. 2011ರ ಜನಗಣತಿಯಲ್ಲಿ ತಾವು ನಾಸ್ತಿಕರೆಂದು ಬರೆಸಿದವರು ಇಡೀ ದೇಶಕ್ಕೆ 33 ಸಾವಿರದಷ್ಟು. ಬರೆಸಲು ಧೈರ್ಯವಾಗದವರು ಇದಕ್ಕಿಂತ ಎಷ್ಟೋ ಹೆಚ್ಚಿದ್ದಾರು. ಆದರೆ ಅದೇ ಪ್ಯೂ ವರದಿಯಲ್ಲಿ ಇನ್ನೊಂದು ಪ್ರಶ್ನೆಯಿದೆ. ದೇವರನ್ನು ನಂಬದವನು ಹಿಂದೂ ಆಗಿರಬಲ್ಲನೇ ಎಂದು ಹಿಂದೂಗಳನ್ನು ಕೇಳಿದಾಗ, ಸಾಧ್ಯವಿಲ್ಲ ಎಂದವರು ಶೇ. 49 ಮಾತ್ರ. ದನದ ಮಾಂಸ ತಿನ್ನುವವನು ಹಿಂದೂ ಆಗಲಾರ ಎಂದವರು ಶೇ. 72. ಅಂದರೆ ತಲೆಯೊಳಗೆ ಏನಿದೆ ಎನ್ನುವುದಕ್ಕಿಂತ ತಟ್ಟೆಯಲ್ಲಿ ಏನಿದೆ ಎನ್ನುವುದು ಜನರಿಗೆ ದೊಡ್ಡದು. ಇದು ಇವತ್ತಿನ ಸಡಿಲಿಕೆಯೂ ಅಲ್ಲ. ಸಾಂಖ್ಯರು ಈಶ್ವರನಿಲ್ಲದೆ ತಮ್ಮ ದರ್ಶನ ಕಟ್ಟಿದರು. ಯಜ್ಞವನ್ನೇ ಸರ್ವಸ್ವವೆಂದ ಮೀಮಾಂಸಕರಿಗೂ ಸೃಷ್ಟಿಕರ್ತ ಬೇಕಾಗಲಿಲ್ಲ. ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪದ ಜೈನರು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಮೂರ್ತಿಗೆ ಸಾವಿರ ವರ್ಷ ದಾಟಿದೆ. ಇಂಥ ನೆಲದಲ್ಲಿ ಹುಡುಗನೊಬ್ಬ ನಂಬುವುದಿಲ್ಲ ಎಂದರೆ ಆಕಾಶ ಕಳಚಿ ಬೀಳಬೇಕಾಗಿಲ್ಲ.

ಅನುಮಾನವಿದ್ದರೆ ಮಗನ ಜಾಗದಲ್ಲಿ ಸೊಸೆಯನ್ನು ಕೂರಿಸಿ ನೋಡಿ. ಮಗ ಪೂಜೆಗೆ ಬರುವುದಿಲ್ಲವೆಂದರೆ "ಅವನಿಗೆ ಅದೆಲ್ಲ ಆಗಲ್ಲ ಬಿಡಿ" ಎಂದು ಕೆಲವು ತಿಂಗಳಲ್ಲಿ ಮನೆ ಒಗ್ಗಿಕೊಳ್ಳುತ್ತದೆ. ಸೊಸೆ ಅದೇ ಮಾತು ಹೇಳಿದರೆ? ವರಮಹಾಲಕ್ಷ್ಮಿಗೆ ಕಳಶಕ್ಕೆ ಸೀರೆ ಉಡಿಸುವವರು, ಗೌರಿಗೆ ಬಾಗಿನ ಜೋಡಿಸುವವರು, ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಲು ಬೀದಿ ಸುತ್ತುವವರು, ಮುಸುರೆ ಆಗದಂತೆ ಅಡುಗೆಮನೆ ತೊಳೆದು ಮಡಿಯಲ್ಲಿ ಒಬ್ಬಟ್ಟು ಬೇಯಿಸುವವರು ಅವಳೇ. ಅವಳ ನಂಬಿಕೆ ಹೋದರೆ ಮನೆಯ ಅರ್ಧ ಹಬ್ಬ ನಿಂತುಹೋಗುತ್ತದೆ. ಒಂದೇ ಮಾತು, ಒಂದೇ ಮನೆ. ಗಂಡಿಗೆ ರಿಯಾಯಿತಿ, ಹೆಣ್ಣಿಗೆ ಪಂಚಾಯಿತಿ. ಜಗಳ ನಿಜಕ್ಕೂ ದೇವರದ್ದಾಗಿದ್ದರೆ ಈ ವ್ಯತ್ಯಾಸಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹೆಂಗಸರು ತಮ್ಮ ಅಪನಂಬಿಕೆಯನ್ನು ಬಾಯಿಬಿಟ್ಟು ಹೇಳದೆ ಹೋಳಿಗೆ ಲಟ್ಟಿಸುತ್ತಲೇ ಇರುವುದು ಇದೇ ಕಾರಣಕ್ಕೆ ಎಂದು ನನ್ನ ಗುಮಾನಿ.

ಹಾಗಿದ್ದರೂ ನಾವು ವಾದಕ್ಕೇ ಏಕೆ ಇಳಿಯುತ್ತೇವೆ? ಕರ್ನಾಟಕಕ್ಕೆ ದೇವರ ಬಗೆಗಿನ ಬಹಿರಂಗ ಚರ್ಚೆಯ ದೊಡ್ಡ ರೂಢಿಯಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಕರೆದರು, ಉತ್ತರ ಬರಲಿಲ್ಲ. ಅದು ಸರಿಯಾದ ಜಾಗದಲ್ಲಿ ಎತ್ತಿದ ಸರಿಯಾದ ಪ್ರಶ್ನೆ. ಸಾರ್ವಜನಿಕವಾಗಿ ಬೂದಿ ಸೃಷ್ಟಿಸುತ್ತೇನೆನ್ನುವವರು ಸಾರ್ವಜನಿಕವಾಗಿ ಉತ್ತರ ಕೊಡಬೇಕು. ಆದರೆ ಮನೆಯಲ್ಲಿ ಅಮ್ಮ ಪವಾಡ ಮಾಡುತ್ತೇನೆಂದು ಹೇಳಿಕೊಂಡಿಲ್ಲ, ದೀಪ ಹಚ್ಚಿದ್ದಾಳೆ ಅಷ್ಟೆ. ಅವಳನ್ನು ಪರೀಕ್ಷಾ ಸಮಿತಿಯ ಮುಂದೆ ನಿಲ್ಲಿಸುವ ಮಗ, ಮಗನ ಮುಂದೆ ಗೀತೆಯ ಉಪನ್ಯಾಸಕರನ್ನು ಕರೆತಂದು ಕೂರಿಸುವ ಅಪ್ಪ, ಇಬ್ಬರೂ ಸಭಾಂಗಣದ ಕೆಲಸವನ್ನು ನಡುಮನೆಗೆ ತಂದವರು. ಹೊಸದಾಗಿ ನಂಬಿಕೆ ಬಿಟ್ಟವರಲ್ಲಿ ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಆವೇಶವೇ ಇರುತ್ತದೆ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು. ಗೌರಿಹಬ್ಬದ ಎಲೆಯ ಮುಂದೆ ಕೂತು, ಬಡಿಸುವವರಿಗೆ ಮೌಢ್ಯದ ಪಾಠ ಹೇಳುವ ನಾಸ್ತಿಕನ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ.

ನಂಬಿಕೆ ಅಪ್ಪಣೆಯಿಂದ ಬರುವಂಥದ್ದಲ್ಲ. ಕೈ ಮುಗಿಸಬಹುದು, ಉದ್ದಂಡ ನಮಸ್ಕಾರ ಹಾಕಿಸಬಹುದು. ಒಳಗೆ ಇಲ್ಲದ್ದನ್ನು ಇರಿಸಲಾಗದು. ವಯಸ್ಸಿನ ಹುಚ್ಚು, ಮದುವೆಯಾದರೆ ಸರಿಹೋಗುತ್ತಾನೆ ಎನ್ನುವವರು ಎ.ಎನ್. ಮೂರ್ತಿರಾಯರನ್ನು ನೆನೆಯಬೇಕು. 1900ರಲ್ಲಿ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಅವರು ದೇವರಿಲ್ಲವೆಂಬ ತಮ್ಮ ನಿಲುವನ್ನು ವಿವರಿಸಿ 'ದೇವರು' ಎಂಬ ಪುಸ್ತಕ ತಂದದ್ದು 1991ರಲ್ಲಿ, ತೊಂಬತ್ತು ದಾಟಿದ ಮೇಲೆ. ಸಾವು ಹತ್ತಿರವಾದಂತೆ ಎಲ್ಲರೂ ರಾಮ ಅನ್ನುತ್ತಾರೆಂಬ ನಂಬಿಕೆಗೆ ಅದೊಂದು ಉತ್ತರ. ಓದುಗರು ಪುಸ್ತಕವನ್ನು ಸುಡಲಿಲ್ಲ, ಕೊಂಡು ಓದಿದರು; ಸರ್ಕಾರ ಅದೇ ಕೃತಿಗೆ ಪಂಪ ಪ್ರಶಸ್ತಿ ಕೊಟ್ಟಿತು. ಇನ್ನೊಂದು ಮಾತು: ನಂಬಿಕೆ ಹೋಗುವುದು ಕಾಯಿಲೆಯೂ ಅಲ್ಲ. ಊಟ, ನಿದ್ದೆ, ಕೆಲಸ, ಸ್ನೇಹಿತರು ಎಲ್ಲವೂ ಬೇಡವಾಗಿದ್ದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಅದು ಬೇರೆ ವಿಷಯ. ದೇವರೊಬ್ಬ ಬೇಡವಾಗಿದ್ದರೆ ಅದಕ್ಕೆ ಮಾತ್ರೆಯಿಲ್ಲ.

ನಂಬುವವರೂ ನಂಬದವರೂ ಒಂದೇ ಸೂರಿನಡಿ ಬಾಳಿದ ಬಗೆಗೆ ದಾಖಲೆ ಚೆನ್ನಾಗಿ ಉಳಿದಿರುವುದು ಚಾರ್ಲ್ಸ್ ಡಾರ್ವಿನ್ನನ ಮನೆಯದು. ಮದುವೆಗೆ ಮುಂಚೆ ಅವನ ತಂದೆ, ನಿನ್ನ ಅನುಮಾನಗಳನ್ನು ಹೆಂಡತಿಯಾಗುವವಳಿಂದ ಮುಚ್ಚಿಡು ಎಂದಿದ್ದರು. ಡಾರ್ವಿನ್ ಮುಚ್ಚಿಡಲಿಲ್ಲ. ಎಮ್ಮಾ ಗಾಢ ಶ್ರದ್ಧೆಯ ಹೆಣ್ಣು. ಪ್ರೀತಿಯ ಅಕ್ಕನನ್ನು ಕಳೆದುಕೊಂಡಿದ್ದಳು, ಪರಲೋಕದಲ್ಲಿ ಮತ್ತೆ ಸೇರುವ ಆಸೆಯೇ ಅವಳ ಧರ್ಮದ ತಿರುಳು. 1839ರಲ್ಲಿ, ಮದುವೆಯ ಹೊಸತರಲ್ಲಿ, ಅವಳು ಗಂಡನಿಗೊಂದು ಪತ್ರ ಬರೆದಳು. ನೀನು ಪ್ರಾಮಾಣಿಕವಾಗಿ ಸತ್ಯ ಹುಡುಕುತ್ತಿರುವಾಗ ತಪ್ಪು ಮಾಡಿದಂತಾಗದು, ಆದರೂ ನಾವು ಶಾಶ್ವತವಾಗಿ ಒಬ್ಬರಿಗೊಬ್ಬರು ಸೇರಿದವರಲ್ಲ ಎಂದು ಅನ್ನಿಸಿದರೆ ನನಗೆ ಸಂಕಟ, ಎಂಬುದು ಅದರ ಸಾರಾಂಶ. ಡಾರ್ವಿನ್ ಆ ಪತ್ರವನ್ನು ಬದುಕಿಡೀ ಇಟ್ಟುಕೊಂಡ. ನಾನು ಸತ್ತ ಮೇಲೆ ತಿಳಿ, ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಎಂಬರ್ಥದ ಸಾಲನ್ನು ಅದರ ಕೆಳಗೆ ಬರೆದಿಟ್ಟ. ಭಾನುವಾರ ಎಮ್ಮಾ ಮಕ್ಕಳನ್ನು ಕರೆದುಕೊಂಡು ಚರ್ಚಿಗೆ ಹೋಗುತ್ತಿದ್ದಳು, ಡಾರ್ವಿನ್ ಅಷ್ಟುಹೊತ್ತು ತಿರುಗಾಡಿ ಬರುತ್ತಿದ್ದ. ಊರಿನ ಪಾದ್ರಿ ಇನ್ನಿಸ್ ಅವನ ಸ್ನೇಹಿತ. 1882ರಲ್ಲಿ ಡಾರ್ವಿನ್ ತೀರಿಕೊಳ್ಳುವವರೆಗೆ 43 ವರ್ಷ ಹೀಗೇ ನಡೆಯಿತು. ಎಲ್ಲವೂ ಸಲೀಸಾಗಿತ್ತು ಎನ್ನಲಾಗದು: ಗಂಡನ ಆತ್ಮಕಥೆ ಅಚ್ಚಾಗುವಾಗ, ನರಕದ ಕಲ್ಪನೆಯನ್ನು ಅವನು ಖಂಡಿಸಿದ ಭಾಗವನ್ನು ಎಮ್ಮಾ ತೆಗೆಸಿದಳು, ಅದು ಪೂರ್ತಿಯಾಗಿ ಹೊರಬಂದದ್ದು ಮೊಮ್ಮಗಳ ಸಂಪಾದಕತ್ವದಲ್ಲಿ, 1958ರಲ್ಲಿ. ಆದರೂ ಒಂದು ವಿಷಯ ಕಲಿಯುವಂಥದ್ದು. ಎಮ್ಮಾ ತನ್ನ ಭಯವನ್ನು ತನ್ನ ಭಯವೆಂದೇ ಹೇಳಿದಳು, ಅವನ ಮೇಲಿನ ಆರೋಪವಾಗಿ ಅಲ್ಲ. "ನೀನು ಹಾಳಾಗಿದ್ದೀಯ" ಎನ್ನುವುದಕ್ಕೂ "ನನಗೆ ಹೆದರಿಕೆಯಾಗುತ್ತೆ" ಎನ್ನುವುದಕ್ಕೂ ಬಹಳ ದೂರ.

ನಮ್ಮಲ್ಲೂ ಇಂಥದ್ದಿದೆ, ಅದೂ ಹೆಚ್ಚು ಜಾಣತನದ್ದು. ಕುವೆಂಪು ರಾಮಕೃಷ್ಣ ಪರಂಪರೆಯಲ್ಲಿ ದೀಕ್ಷೆ ಪಡೆದ ಶ್ರದ್ಧಾವಂತರು. ಮಗ ಪೂರ್ಣಚಂದ್ರ ತೇಜಸ್ವಿ ಪೂಜೆ ಪುನಸ್ಕಾರಗಳ ಗೊಡವೆಗೆ ಹೋದವರಲ್ಲ. 1966ರಲ್ಲಿ ಮಗನ ಮದುವೆ ಬಂದಾಗ ತಂದೆ ಪುರೋಹಿತರನ್ನು ಕರೆಸಲಿಲ್ಲ, ಹಾಗೆಂದು ಬರಿಯ ಸಹಿಗೂ ಒಪ್ಪಿಸಲಿಲ್ಲ. ಉಪನಿಷತ್ತಿನ ಮಾತುಗಳ ಜೊತೆ ವಧೂವರರು ತಾವೇ ಓದಿ ಒಪ್ಪಿಕೊಳ್ಳುವ ಪ್ರತಿಜ್ಞೆಗಳನ್ನು ಸೇರಿಸಿ ಮಂತ್ರಮಾಂಗಲ್ಯ ಎಂಬ ಹೊಸ ವಿಧಿಯನ್ನೇ ಕೊಟ್ಟರು. ಕನ್ಯಾದಾನವಿಲ್ಲ, ವರದಕ್ಷಿಣೆಯಿಲ್ಲ, ಮುಹೂರ್ತದ ಗೊಂದಲವಿಲ್ಲ. ನಂಬುವವರಿಗೆ ಅದರಲ್ಲಿ ಮಂತ್ರವಿತ್ತು, ನಂಬದವರಿಗೆ ಸುಳ್ಳು ಹೇಳಬೇಕಾದ ಸಾಲೊಂದೂ ಇರಲಿಲ್ಲ. ಇವತ್ತಿಗೂ ಕರ್ನಾಟಕದಲ್ಲಿ ಎಷ್ಟೋ ಜೋಡಿಗಳು ಆ ವಿಧಿಯಲ್ಲೇ ಮದುವೆಯಾಗುತ್ತಾರೆ. ದೇವರ ಬಗ್ಗೆ ಒಮ್ಮತಕ್ಕೆ ಕಾದು ಕೂತಿದ್ದರೆ ಆ ಮದುವೆ ನಡೆಯುತ್ತಲೇ ಇರಲಿಲ್ಲವೋ ಏನೋ. ಮದುವೆ ಹೇಗೆ ಎಂಬುದನ್ನಷ್ಟೇ ತೀರ್ಮಾನಿಸಿದ್ದರಿಂದ ನಡೆಯಿತು.

ಇದು ಆತ್ಮವಂಚನೆ ಎನ್ನುವವರಿದ್ದಾರೆ. ನಂಬದವನು ಹಬ್ಬಕ್ಕೆ ಯಾಕೆ ಬರಬೇಕು, ಬಂದು ಒಬ್ಬಟ್ಟು ಯಾಕೆ ತಿನ್ನಬೇಕು ಎಂದು ಎರಡೂ ಕಡೆಯ ಕಟ್ಟಾಳುಗಳು ಕೇಳುತ್ತಾರೆ. ಇಲ್ಲಿ ಒಂದು ಗೆರೆ ಎಳೆಯಬಹುದು. ಯಶವಂತಪುರ ಮಾರುಕಟ್ಟೆಯಿಂದ ಬಾಳೆಕಂದು ಹೊತ್ತು ತರುವುದು, ತೋರಣ ಕಟ್ಟುವುದು, ಬಂದವರಿಗೆ ಬಡಿಸುವುದು, ಅಜ್ಜಿಯನ್ನು ದೇವಸ್ಥಾನಕ್ಕೆ ಕಾರಿನಲ್ಲಿ ಕರೆದೊಯ್ದು ಹೊರಗೆ ಚಪ್ಪಲಿ ಕಾಯುತ್ತ ನಿಲ್ಲುವುದು: ಇವು ಮನೆಯವನಾಗಿ ಮಾಡುವ ಕೆಲಸ, ಇದಕ್ಕೆ ನಂಬಿಕೆ ಬೇಕಿಲ್ಲ. ಪಂಚೆ ಉಟ್ಟು, ಗೋತ್ರ ನಕ್ಷತ್ರ ಹೇಳಿ, ನನ್ನ ಹೆಸರಿನಲ್ಲಿ ಈ ಕರ್ಮ ಮಾಡುತ್ತಿದ್ದೇನೆಂದು ಸಂಕಲ್ಪ ಹೇಳುವುದು ಬೇರೆ. ಅಲ್ಲಿ ಅವನು ಬಾಯಿಬಿಟ್ಟು ಒಂದು ಮಾತು ಕೊಡುತ್ತಿದ್ದಾನೆ. ನಂಬದವನಿಂದ ಅದನ್ನು ಹೇಳಿಸಿದರೆ, ನಂಬುವವರು ತಮ್ಮ ದೇವರ ಮುಂದೆಯೇ ಸುಳ್ಳು ಹೇಳಿಸಿದಂತೆ. ಮೊದಲನೆಯದನ್ನು ಮನೆ ಕೇಳಬಹುದು, ಅವನು ಮಾಡಬೇಕು. ಎರಡನೆಯದನ್ನು ಕೇಳಬಾರದು, ತಮ್ಮನೋ, ಮಗಳೋ, ಮಾಡುವ ಮನಸ್ಸಿದ್ದವರು ಮಾಡಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಹಿಂದೂ ಮನೆಯಲ್ಲಿ ಆಚರಣೆ ಮುಖ್ಯವೆನ್ನುವುದು ಸರಿ, ಆರ್.ಟಿ. ನಗರದ ಮುಸ್ಲಿಂ ಮನೆಗೋ ಕ್ರೈಸ್ತ ಮನೆಗೋ ಈ ಮಾತು ಹೊಂದುತ್ತದೆಯೇ? ಅಲ್ಲಿ ನಂಬಿಕೆಯ ಮಾತೇ ಧರ್ಮದ ಬಾಗಿಲು. ಪ್ಯೂ ಸಮೀಕ್ಷೆಯಲ್ಲೂ ದೇವರನ್ನು ನಂಬದವನು ಮುಸ್ಲಿಮನಲ್ಲ ಎಂದ ಮುಸ್ಲಿಮರು ಶೇ. 60. ಈ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಅಲ್ಲಿ ಬಾಯಿಬಿಟ್ಟು ಹೇಳುವುದರ ಬೆಲೆ ಹೆಚ್ಚು, ಮೊಹಲ್ಲಾದಲ್ಲಿ, ಸಭೆಯಲ್ಲಿ ಮನೆಯವರು ಕೊಡಬೇಕಾದ ಉತ್ತರವೂ ಹೆಚ್ಚು. ಹಾಗಾಗಿ ಯಾರಿಗೆ, ಎಷ್ಟು, ಯಾವಾಗ ಹೇಳುವುದು ಎಂಬ ಮಾತುಕತೆ ಅಲ್ಲಿ ಮೊದಲು ಆಗಬೇಕು. ಆದರೆ ಈದ್ ದಿನ ಬಿರಿಯಾನಿ ಹಂಡೆ ಇಳಿಸಲು, ಕ್ರಿಸ್ಮಸ್‌ಗೆ ಕುಸ್ವಾರ್ ಕರಿಯಲು ಮಗನ ಕೈ ಬೇಕೇ ಬೇಕು ಎನ್ನುವುದು ಆ ಮನೆಗಳಲ್ಲೂ ನಿಜ. ಕಾನೂನಿನ ವ್ಯತ್ಯಾಸವೂ ಇದೆ. ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರೆಲ್ಲರಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದರಿಂದ, ಹಿಂದೂ ಮನೆಯ ನಾಸ್ತಿಕ ನಂಬಿಕೆ ಬಿಟ್ಟ ಮಾತ್ರಕ್ಕೆ ಪಿತ್ರಾರ್ಜಿತದ ಪಾಲು ಕಳೆದುಕೊಳ್ಳುವುದಿಲ್ಲ. "ಪಾಲು ಕೊಡಲ್ಲ ನೋಡು" ಎಂಬ ಗದರಿಕೆ ಅಪ್ಪ ತಾನೇ ದುಡಿದ ಆಸ್ತಿಯ ಮಟ್ಟಿಗೆ ಮಾತ್ರ ನಡೆದೀತು. ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆಯಿದೆ. 30 ದಿನದ ನೋಟಿಸು ಕೊಟ್ಟು, ಯಾವ ಧರ್ಮದ ವಿಧಿಯೂ ಇಲ್ಲದೆ ಮದುವೆಯಾಗಬಹುದು.

ಮೊಮ್ಮಕ್ಕಳ ವಿಷಯ ಬಂದಾಗ ಒಳ್ಳೊಳ್ಳೆಯವರೂ ಬಿಗಿಯಾಗುತ್ತಾರೆ. ಮನೆದೇವರಿಗೆ ಮಗುವಿನ ಮುಡಿ ಕೊಡುವುದೋ ಬೇಡವೋ ಎಂಬುದೇ ಮೊದಲ ಕದನ. ತೀರ್ಮಾನ ಮಗುವಿನ ಅಪ್ಪ ಅಮ್ಮಂದಿರದು ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಅಜ್ಜಿಗೆ ಕತೆ ಹೇಳುವ ಹಕ್ಕಿದೆ, ಅಪ್ಪನಿಗೆ ನಾನು ನಂಬುವುದಿಲ್ಲ ಎನ್ನುವ ಹಕ್ಕಿದೆ; ಇಬ್ಬರನ್ನೂ ಕೇಳಿಸಿಕೊಂಡು ಬೆಳೆದ ಮಗು ಕೆಡುವುದಿಲ್ಲ. ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಮೊಮ್ಮಗ ಸುಬ್ಬರಾಯ ದೇವರ ಬಗ್ಗೆ ಕೇಳದ ಪ್ರಶ್ನೆಯಿಲ್ಲ; ಅಜ್ಜಿ ಒಮ್ಮೆಯೂ ಅವನ ಬಾಯಿ ಮುಚ್ಚಿಸುವುದಿಲ್ಲ. 1977ರ ಜ್ಞಾನಪೀಠ ಆ ಕೃತಿಗೇ ಬಂದದ್ದು.

ಉಳಿಯುವುದು ಸಾವು. ನಿಜವಾದ ದುಃಖ ಇರುವುದು ಅಲ್ಲಿ, ಅದನ್ನು ಬರಿಯ ಸಂಪ್ರದಾಯವೆಂದು ತಳ್ಳಿಹಾಕಲು ನಾನು ತಯಾರಿಲ್ಲ. ತನ್ನ ಪಿಂಡಕ್ಕೆ ದಿಕ್ಕಿಲ್ಲವೆಂದು ನಂಬುವ ತಾಯಿಗೆ ಅದು ದೇವರ ವಿಷಯವೇ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲೇ ಈ ಗಂಟನ್ನು ಇನ್ನೊಂದು ತುದಿಯಿಂದ ತೋರಿಸಿತ್ತು: ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ, ಸಂಸ್ಕಾರ ಮಾಡುವವರಾರೆಂದು ಇಡೀ ಅಗ್ರಹಾರ ಶಾಸ್ತ್ರ ತೆಗೆದು ಕೂತಿದೆ, ಹೆಣ ಕೊಳೆಯುತ್ತಿದೆ. ಬದುಕಿರುವಾಗ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಅದು. ಕೇಳಿದ್ದರೆ ಹೇಗಿರುತ್ತಿತ್ತು ಎನ್ನುವುದಕ್ಕೆ ಹೆಬ್ಬಾಳದ ಹಾದಿಯಲ್ಲೇ ಉದಾಹರಣೆಯಿದೆ. ಮೇಖ್ರಿ ವೃತ್ತದ ಬಳಿ ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಿದೆ. 1970ರ ನವೆಂಬರಿನಲ್ಲಿ, ಸಾಯುವ ಹಿಂದಿನ ಸಂಜೆ, ಅವರು ಮಲಗಿದ್ದಲ್ಲಿಂದಲೇ ಆಡಳಿತ ಮಂಡಳಿಯವರ ಜೊತೆ ಸಂಸ್ಥೆಯ ಮುಂದಿನ ವ್ಯವಸ್ಥೆ ಮಾತಾಡಿದರು, ಹೆಂಡತಿ ಲೋಕಸುಂದರಿ ಅವರಿಗೆ ವಿಧಿವಿಧಾನವಿಲ್ಲದ ಸರಳ ದಹನ ಸಾಕೆಂದು ಹೇಳಿದರು. 21ರ ಬೆಳಗ್ಗೆ ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ದಹನವಾಯಿತು. ಆ ಜಾಗದಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು. 2019ರ ಜೂನ್ 10ರಂದು ಗಿರೀಶ ಕಾರ್ನಾಡ ತೀರಿಕೊಂಡಾಗಲೂ ಅವರ ಮನೆಯವರು ಅವರ ಇಚ್ಛೆಯಂತೆ ಮೆರವಣಿಗೆ, ಸರ್ಕಾರಿ ಗೌರವ, ಧಾರ್ಮಿಕ ವಿಧಿ ಯಾವುದೂ ಇಲ್ಲದೆ ಕಲ್ಪಳ್ಳಿಯ ಚಿತಾಗಾರದಲ್ಲಿ ಮುಗಿಸಿದರು. ಎರಡೂ ಕಡೆ ಸುಲಭವಾದದ್ದು ಸತ್ತವರು ದೊಡ್ಡವರೆಂದಲ್ಲ, ಮುಂಚೆಯೇ ಹೇಳಿದ್ದರು ಎಂದು.

ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ನಂಬಿಕೆ ಹೋಗಿದೆಯೆಂದು ಗೊತ್ತಾದರೆ ಹಬ್ಬದ ದಿನ ಮಾತೆತ್ತಬೇಡಿ. ಸಾಮಾನ್ಯ ಭಾನುವಾರವೊಂದನ್ನು ನೋಡಿ, ಪಿತೃಪಕ್ಷಕ್ಕೆ ಇನ್ನೂ ಸಮಯವಿರುವಾಗ, ಕೂತುಕೊಳ್ಳಿ. ದೇವರಿದ್ದಾನೆಯೇ ಎಂದು ಕೇಳಬೇಡಿ. ಎಡೆ ಇಡುವವರು ಯಾರು, ಹಬ್ಬದಲ್ಲಿ ನಿನ್ನ ಕೆಲಸ ಯಾವುದು, ನೆಂಟರಿಗೆ ಎಷ್ಟು ಹೇಳೋಣ, ನಾನು ಹೋದರೆ ನನಗೆ ಬೇಕಾದ ಕರ್ಮವನ್ನು ಯಾರ ಕೈಯಲ್ಲಿ ಮಾಡಿಸುತ್ತೀಯ ಎಂದು ಕೇಳಿ. ಅಪ್ಪ ಅಮ್ಮನ ಕರ್ಮವನ್ನು ಅವರ ನಂಬಿಕೆಯಂತೆ ಆಗಗೊಡುವುದು ನಂಬದ ಮಕ್ಕಳ ಹೊಣೆ. ತಾವೇ ಮಾಡದಿದ್ದರೂ ಮುಂದೆ ನಿಂತು ಮಾಡಿಸಬೇಕು. ನಂಬದವರು ತಮ್ಮ ಅಂತ್ಯಕ್ಕೆ ಮಂತ್ರ ಬೇಡವೆಂದರೆ, ಹೆಬ್ಬಾಳದ ವಿದ್ಯುತ್ ಚಿತಾಗಾರ ಸಾಕೋ, ವೈದ್ಯಕೀಯ ಕಾಲೇಜಿಗೆ ದೇಹದಾನವೋ ಎನ್ನುವುದನ್ನು ಬರೆದು, ಸಹಿ ಹಾಕಿ, ಮನೆಯವರಿಗೆ ತೋರಿಸಿರಬೇಕು. ದೇಹದಾನಕ್ಕೆ ಅರ್ಜಿ ತುಂಬಿದ್ದರೂ ಕೊನೆಗೆ ಕಾಲೇಜಿಗೆ ಫೋನು ಮಾಡಿ ದೇಹ ಒಪ್ಪಿಸಬೇಕಾದವರು ಮನೆಯವರೇ.